ರಟ್ಟಿನ ತಿಕೋಟಾ

ಹೋದ ವಾರ ಈ ಅಂಕಣದ ತಲೆಬರಹ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಬಂದಿತ್ತು. ಗಮನಿಸಿದಿರಾ? ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು, ತರಕಾರಿ ಬಜಾರದಲ್ಲಿ ಇನ್ನೊಬ್ಬರು. ಸಂಪಾದಕರಿಗೂ ನಿಮಗೂ ಏನಾದರೂ ಮಾತು ಬಂತೇನು ಅಂತ.

ಹಾಗೇನೂ ಇಲ್ಲ. ತಲೆಬರಹಕ್ಕೆ ಬಳಸುವ ದಪ್ಪ ಅಕ್ಷರಗಳೆಲ್ಲ ಬಬಲೇಶ್ವರಕ್ಕೆ ಯುದ್ಧಕ್ಕೆ ಹೋಗಿದ್ದವು.

ನಗಬೇಡಿ. ನನಗೂ ಮೊದಲು ನಗುವೇ ಬಂದಿತ್ತು.

ಈ ವಾರಪತ್ರಿಕೆ ಅಚ್ಚಾಗುವುದು ವಿಜಾಪುರದ ಹುಸೇನಸಾಹೇಬರ ಪ್ರೆಸ್ಸಿನಲ್ಲಿ. (ಪ್ರೆಸ್ಸು ಅವರ ಹೆಸರಿನಲ್ಲಿದೆ, ನಡೆಸುವವರು ಅವರ ಹೆಂಡತಿ ಜೈತೂನಬಿ. ಇದು ಇಡೀ ಓಣಿಗೆ ಗೊತ್ತು, ಹುಸೇನಸಾಹೇಬರಿಗೂ ಗೊತ್ತು.) ನಾನು ಜಗಳಕ್ಕೆ ಸಿದ್ಧಳಾಗಿಯೇ ಹೋದೆ. ಸಾಹೇಬರು ಕುರ್ಚಿ ಒರೆಸಿದರು, ಚಹಾ ತರಿಸಿದರು, ಉತ್ತರ ಮಾತ್ರ ಕೊಡಲಿಲ್ಲ. ಕೊನೆಗೆ ಒಳಗಿನಿಂದ ಜೈತೂನಬಿಯೇ ಬಂದರು. ಐವತ್ತರ ಆಸುಪಾಸಿನ ಹೆಂಗಸು. ತಲೆಯ ಮೇಲೆ ಸೆರಗು, ಬೆರಳ ತುದಿಯಲ್ಲಿ ಮಸಿ. ಕ್ಷಮೆ ಕೇಳುವ ಪೈಕಿ ಅಲ್ಲ.

"ಅಕ್ಕಾರ, ಆ ಮೊಳೆ ಸುಬೇದಾರ್ರ ಮನ್ಯಾಗ ಅದಾವ್ರಿ. ಆಟ ಅರ್ಧಕ್ಕ ನಿಂತೈತಿ. ಐತಾರ ನಮ್ಮ ಜೋಡಿ ಬರ್ರಿ, ನೀವ ನೋಡಿದ್ರ ತಿಳೀತೈತಿ," ಅಂದರು.

ಮೊಳೆ ಎಂದರೆ ಪ್ರೆಸ್ಸಿನವರ ಮಾತಿನಲ್ಲಿ ಸೀಸದ ಅಚ್ಚಕ್ಷರ. ಸುಬೇದಾರರೆಂದರೆ ಬಬಲೇಶ್ವರದ ಬಸಲಿಂಗಪ್ಪನವರು, ಹುಸೇನಸಾಹೇಬರ ಶಾಲೆಯ ಗೆಳೆಯ. ಪಲ್ಟಣದಲ್ಲಿದ್ದು, ಪೂರ್ವದ ಗಡಿಯಲ್ಲಿ ನಡೆದ ಲಡಾಯಿಯನ್ನೂ ನೋಡಿ, ಒಂದು ಮೊಣಕಾಲು ಮಡಚಲಾಗದಂತಾಗಿ ಊರಿಗೆ ಬಂದವರು. ಪಲ್ಟಣದಲ್ಲಿ ಅವರ ಕೆಲಸ ಹೊಸ ಸಿಪಾಯಿಗಳಿಗೆ ಪಾಠ ಹೇಳುವುದಾಗಿತ್ತಂತೆ. ದೊಡ್ಡದೊಂದು ಪೆಟ್ಟಿಗೆಯಲ್ಲಿ ಉಸುಕು ತುಂಬಿ, ಗುಡ್ಡ ಮಾಡಿ, ನೀಲಿ ರಿಬ್ಬನ್ ಹಾಸಿ ಹೊಳೆ ಮಾಡಿ, ಬೆಂಕಿಪೆಟ್ಟಿಗೆಗಳನ್ನು ಮನೆಗಳೆಂದು ಇಟ್ಟು, ಯಾವ ಕಡೆಯಿಂದ ನುಗ್ಗಬೇಕು ಎಂದು ತೋರಿಸುವುದು. ಸ್ಯಾಂಡ್ ಮಾಡೆಲ್ ಅಂತ ಅದಕ್ಕೆ ಹೆಸರು.

ಊರಿಗೆ ಬಂದ ಮೇಲೂ ಆ ಚಟ ಬಿಡಲಿಲ್ಲ. ವಿಜಾಪುರಕ್ಕೆ ಬಂದಾಗಲೆಲ್ಲ ಪ್ರೆಸ್ಸಿನ ಫರಸಿ ನೆಲದ ಮೇಲೆ ಸೀಮೆಸುಣ್ಣದಿಂದ ಊರು ಬರೆದು ಗೆಳೆಯನಿಗೆ ಯುದ್ಧ ವಿವರಿಸುವುದು. ಒಂದು ದಿನ ಜೈತೂನಬಿ ಕೆಲಸ ಬಿಟ್ಟು ಬಂದು ನಿಂತರಂತೆ. ಇದರಲ್ಲಿ ಓಣಿ ಎಲ್ಲಿದೆ, ಬಾವಿ ಎಲ್ಲಿದೆ, ಗುಂಡು ಬಿದ್ದರೆ ಬಾಣಂತಿ ಯಾವ ಬಾಗಿಲಿನಿಂದ ಹೊರಗೆ ಬರಬೇಕು ಎಂದು ಕೇಳಿದರಂತೆ. ಊರೇ ಇಲ್ಲದ ಕಡೆ ಎಂಥ ಲಡಾಯಿ?

ಸುಬೇದಾರರು ಸೀಮೆಸುಣ್ಣ ಕೆಳಗಿಟ್ಟು, ಹಾಗಿದ್ದರೆ ನೀವೇ ಒಂದು ಊರು ಮಾಡಿಕೊಡಿ ಅಂದರಂತೆ.

ಮಾಡಿಕೊಟ್ಟರು.

ಭಾನುವಾರ ಬೆಳಿಗ್ಗೆ ನಾವು ಮೂವರೂ ಬಬಲೇಶ್ವರದ ಬಸ್ಸು ಹತ್ತಿದೆವು. ಜೈತೂನಬಿಯ ತೊಡೆಯ ಮೇಲೊಂದು ಬಿದಿರಿನ ಬುಟ್ಟಿ, ಅದಕ್ಕೆ ಬಿಳಿ ಬಟ್ಟೆ. ಕೋಳಿ ಇದ್ದರೆ ಟಿಕೆಟ್ ತೆಗೆಸಬೇಕು ಎಂದ ಕಂಡಕ್ಟರ್. ಜೈತೂನಬಿ ಬಟ್ಟೆ ಸರಿಸಿ ತೋರಿಸಿದರು. ಆತ ಬಗ್ಗಿ ನೋಡಿದ. ಇನ್ನಷ್ಟು ಬಗ್ಗಿದ. ಆಮೇಲೆ ಮುಂದೆ ಹೋಗಿ ಡ್ರೈವರನಿಗೆ ತಗ್ಗು-ದಿಣ್ಣೆ ನೋಡಿ ನಿಧಾನ ಓಡಿಸು ಎಂದು ಹೇಳಿ ಬಂದ.

ಬುಟ್ಟಿಯಲ್ಲಿದ್ದದ್ದು ಒಂದು ಮನೆ. ಅಂಗೈ ಮೇಲೆ ಕೂಡುವಷ್ಟು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಮಾಳಿಗೆಯ ನಡುವೆ ಬೆಳಕಿಂಡಿ, ಮುಂದೆ ಎರಡು ಕಟ್ಟೆ, ಕಟ್ಟೆಗಳ ನಡುವೆ ಮೆಟ್ಟಿಲು. ಎಲ್ಲ ರಟ್ಟಿನದು.

ಹೇಗೆ ಮಾಡಿದಿರಿ ಎಂದು ಕೇಳಿದೆ. ಬಸ್ಸು ಬಬಲೇಶ್ವರ ಮುಟ್ಟುವವರೆಗೂ ಹೇಳಿದರು. ಪ್ರೆಸ್ಸಿನಲ್ಲಿ ಗೆರೆ ಹೊಡೆಯಲು ಹಿತ್ತಾಳೆಯ ಪಟ್ಟಿಗಳಿರುತ್ತವೆ. ಅವನ್ನೇ ಜೋಡಿಸಿ, ಮನೆಯನ್ನು ಬಿಚ್ಚಿ ಹಾಸಿದರೆ ಹೇಗೆ ಕಾಣುತ್ತದೋ ಹಾಗೆ ಅಚ್ಚು ಕಟ್ಟುವುದು. ನಾಲ್ಕು ಗೋಡೆ ಒಂದರ ಪಕ್ಕ ಒಂದು, ಅಂಚಿಗೆ ಅಂಟು ಹಚ್ಚಲು ಕಿವಿಯಂಥ ಪಟ್ಟಿ. ಲಗ್ನಪತ್ರಿಕೆಯ ಅಂಚಿಗೆ ಹಾಕುವ ಹೂಬಳ್ಳಿ ಕಿಟಕಿಯ ಜಾಲರಿಯಾಗುತ್ತದೆ. ಅಡ್ಡಗೆರೆ ಕಲ್ಲಿನ ಸಾಲಾಗುತ್ತದೆ. ತಪ್ಪು ಬಿದ್ದು ಉಳಿದ ಲಗ್ನಪತ್ರಿಕೆಗಳ ಹಿಂಬದಿಗೆ ಅದನ್ನು ಅಚ್ಚು ಹೊಡೆದು, ಕತ್ತರಿಸಿ, ಮಡಿಕೆಯ ಗೆರೆಯ ಮೇಲೆ ಮೊಂಡು ಸೂಜಿ ಎಳೆದು, ಮಡಚಿ, ಮೈದಾ ಅಂಟು ಹಚ್ಚಿದರೆ ಮನೆ. (ಬೆಳಕಿಂಡಿಗೆ ಕಣ್ಣು ಹಚ್ಚಿ ನೋಡಿದೆ. ಒಳಗೋಡೆಯ ಮೇಲೆ ಯಾರದೋ ಮದುವೆಗೆ ನನ್ನನ್ನು ಸಕುಟುಂಬ ಕರೆಯಲಾಗಿತ್ತು.)

ಊರಿನಲ್ಲಿ ಗುಮ್ಮಟವೂ ಇದೆಯಂತೆ, ಅದು ಹೇಗೆ? ಅದಕ್ಕೆ ಹಿತ್ತಾಳೆ ಬಾಗುವುದಿಲ್ಲವಲ್ಲ? ಅದನ್ನು ಮಾತ್ರ ಕೈಯಿಂದಲೇ ಬರೆದು ಕತ್ತರಿಸಬೇಕಂತೆ, ಕಲ್ಲಂಗಡಿ ಹೋಳಿನಂತೆ. ತುದಿಗಳನ್ನು ಮೇಲೆ ಒಂದುಗೂಡಿಸಿದರೆ ಗುಮ್ಮಟ ತಾನೇ ಉಬ್ಬುತ್ತದೆ. ಮೊದಲ ಸಲ ಉಬ್ಬಿದಾಗ ತಾವು ಉಸಿರು ಬಿಡುವುದನ್ನೇ ಮರೆತೆವೆಂದು ಹುಸೇನಸಾಹೇಬರು ಹೇಳಿದರು. ಅವರು ಆ ದಿನ ಆಡಿದ ಮೊದಲ ಮಾತು ಅದು.

ಆಮೇಲೆ ಜೈತೂನಬಿ ತೊಡೆಯ ಮೇಲಿನ ಮನೆಯನ್ನು ತೋರಿಸಿ, ಇದು ತಿಕೋಟಾದ ನಮ್ಮ ಅಪ್ಪನ ಮನೆ ಎಂದರು. ಈಗ ಇಲ್ಲ. ಹೋದ ಬೇಸಿಗೆಯಲ್ಲಿ ಅವರ ತಮ್ಮಂದಿರು ಅದನ್ನು ಕೆಡವಿ ಎರಡು ಸ್ಲ್ಯಾಬಿನ ಮನೆ ಕಟ್ಟಿಕೊಂಡರು. ತಪ್ಪೇನು? ಮಾಳಿಗೆ ಸೋರುತ್ತಿತ್ತು, ಇಬ್ಬರಿಗೂ ಸಂಸಾರ ದೊಡ್ಡದು. ಕೆಡವುವ ಮೊದಲು ಅಕ್ಕನಿಗೆ ಹೇಳಿ ಕಳಿಸಿದ್ದರು. ಜೈತೂನಬಿ ಹೋದರು, ಅಳಲಿಲ್ಲ. ಪ್ರೆಸ್ಸಿನ ಸುತಳಿ ಒಯ್ದು ಬಾಗಿಲು, ಕಿಟಕಿ, ಕಟ್ಟೆ ಎಲ್ಲ ಅಳೆದು, ಗಂಟು ಹಾಕಿಕೊಂಡು ಬಂದರು.

ಬಬಲೇಶ್ವರದಲ್ಲಿ ಸುಬೇದಾರರ ಪಡಸಾಲೆಗೆ ಕಾಲಿಟ್ಟಾಗ ನಾನು ಬಾಗಿಲಲ್ಲೇ ನಿಂತೆ.

ಎರಡು ಹಳೆಯ ಕದಗಳನ್ನು ಜೋಳದ ಚೀಲಗಳ ಮೇಲೆ ಜೋಡಿಸಿ ಹಾಸಿದ್ದರು. ಅದರ ಮೇಲೆ ತಿಕೋಟಾ ಇತ್ತು. ಬಜಾರಿನ ಓಣಿ, ಓಣಿಯ ತಿರುವು, ಗುಮ್ಮಟ, ಮಠ, ಮಸೀದಿ, ಹಿತ್ತಿಲ ಗೋಡೆಗಳು, ಕಣ, ಕಣದಲ್ಲಿ ಬಣವೆ. ನಡುವೆ ಬಾವಿ, ಬಾವಿಗೆ ರಾಟೆ ಕೂಡ. ಅರಿಸಿನದ ನೀರು, ಇಟ್ಟಿಗೆ ಪುಡಿ, ಕಾಡಿಗೆ, ಇಷ್ಟರಲ್ಲೇ ಇಡೀ ಊರಿಗೆ ಬಣ್ಣ. ಕಿಟಕಿಯಿಂದ ಬಿಸಿಲು ಬಿದ್ದು ಮನೆಗಳಿಗೆಲ್ಲ ನೆರಳು ಬಂದಿತ್ತು. ನೆರಳು ಬಂದ ಮೇಲೆ ಅದನ್ನು ರಟ್ಟು ಅನ್ನುವುದು ಹೇಗೆ? ನಾನು ಸಣ್ಣವಳಿದ್ದಾಗ ಮದುವೆಯೊಂದಕ್ಕೆ ತಿಕೋಟಾಕ್ಕೆ ಹೋಗಿದ್ದೆ. ಯಾವ ಓಣಿಯಲ್ಲಿ ನಡೆದಿದ್ದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು.

ಆ ಓಣಿಗಳಲ್ಲಿ ನನ್ನ ತಲೆಬರಹದ ಅಕ್ಷರಗಳು ನಿಂತಿದ್ದವು. ಸಣ್ಣದಿರಲಿ, ದಪ್ಪದಿರಲಿ, ಅಚ್ಚಿನ ಮೊಳೆಗಳ ಎತ್ತರ ಒಂದೇ. ಸಾಲಾಗಿ ನಿಲ್ಲಿಸಿದರೆ ಸಾಕ್ಷಾತ್ ಸಿಪಾಯಿಗಳು. ಅವುಗಳ ಎತ್ತರಕ್ಕೆ ಸರಿಯಾಗಿಯೇ ಜೈತೂನಬಿ ಮನೆಗಳಿಗೆ ಬಾಗಿಲು ಇಟ್ಟಿದ್ದರು. ಕೆಂಪು ಮಸಿ ಹಚ್ಚಿದವು ಒಂದು ಪಡೆ, ಕಪ್ಪು ಮಸಿಯವು ಇನ್ನೊಂದು. ಕೆಂಪು ಪಡೆ ಸುಬೇದಾರರದು. ಕಪ್ಪು?

ಹುಸೇನಸಾಹೇಬರದು ಎಂದುಕೊಂಡಿದ್ದೆ. ಅವರು ಗೋಡೆಗೆ ಒರಗಿ, ಕವಡೆ ಕೈಯಲ್ಲಿ ಹಿಡಿದು, ತೀರ್ಪು ಹೇಳುವ ಪಂಚರಾಗಿ ಕೂತರು. ಕಪ್ಪು ಪಡೆಯ ಹಿಂದೆ ಹೋಗಿ ನಿಂತವರು ಜೈತೂನಬಿ.

ನಿಯಮ ಸರಳ. ಎಷ್ಟು ದೂರ ನಡೆಯಬೇಕೋ ದಾರದಿಂದ ಅಳೆಯುವುದು, ಗುಂಡು ತಾಗಿತೋ ಇಲ್ಲವೋ ಕವಡೆ ಹೇಳುತ್ತದೆ. ನಮ್ಮ ಸಂಜೆಯ ಬಸ್ಸಿನ ಹೊತ್ತಿಗೆ ಬಾವಿ ಯಾರ ಕೈಯಲ್ಲಿರುತ್ತದೋ ಅವರು ಗೆದ್ದಂತೆ. ಜೈತೂನಬಿ ಹೊಸದಾಗಿ ತಂದ ಅಪ್ಪನ ಮನೆಯನ್ನು ಬಜಾರಿನ ತಿರುವಿನಲ್ಲಿ, ಅದಕ್ಕೆಂದೇ ಬಿಟ್ಟಿದ್ದ ಜಾಗದಲ್ಲಿ ಇಟ್ಟರು. ಒಂದು ಸಲ ಬಾಗಿಲು ಸರಿ ಮಾಡಿದರು. ಆಟ ಮುಂದುವರಿಯಿತು.

ನನಗೆ ಚದುರಂಗವೂ ಬಾರದು. ಆದರೂ ಊಟದ ಹೊತ್ತಿಗೆ ಸುಬೇದಾರರು ಗೆಲ್ಲುತ್ತಿದ್ದಾರೆಂದು ತಿಳಿಯಿತು. ಕಣ ಹೋಯಿತು, ಮಠದ ಮಗ್ಗುಲು ಹೋಯಿತು. ಕಪ್ಪು ಅಕ್ಷರಗಳು ಒಂದೊಂದೇ ಮಲಗಿದವು. ಬಾವಿಯ ಸುತ್ತ ನಾಕೋ ಐದೋ ಉಳಿದವು. ಎಲ್ಲಕ್ಕಿಂತ ದಪ್ಪ ಮೊಳೆಗಳೇ ತೋಪು, ಅಂದರೆ ಫಿರಂಗಿ; ಆ ಕೆಂಪು ತೋಪುಗಳು ಬಜಾರಿನ ಓಣಿಗೆ ಬಂದವು. ತಿರುವು ದಾಟಿದರೆ ಎದುರಿಗೆ ಬಾವಿ.

ಜೈತೂನಬಿ ಓಣಿಯನ್ನು ನೋಡುತ್ತಾ ನಿಂತರು. ಯಾರೂ ಅವಸರ ಮಾಡಲಿಲ್ಲ. ಆಮೇಲೆ, ತಮ್ಮ ಕಡೆಯ ಮನೆಯನ್ನು ತಾವೇ ಕೆಡವಿ ದಾರಿ ಮುಚ್ಚಬಹುದಲ್ಲವೇ ಎಂದು ಗಂಡನನ್ನು ಕೇಳಿದರು. ನಿಯಮದಲ್ಲಿ ಇದೆ ಎಂದರು ಹುಸೇನಸಾಹೇಬರು. ಹೇಳುವಾಗ ಅವರು ಹೆಂಡತಿಯ ಮುಖ ನೋಡಲಿಲ್ಲ.

ಜೈತೂನಬಿ ಅಂಗೈ ಚಾಚಿ ಅಪ್ಪನ ಮನೆಯ ಮಾಳಿಗೆಯ ಮೇಲಿಟ್ಟು ಒತ್ತಿಬಿಟ್ಟರು.

ಸಣ್ಣ ಸದ್ದು. ಮಾಳಿಗೆ ಕುಸಿಯಿತು, ಗೋಡೆ ಎರಡು ಕಡೆ ಬಾಯಿಬಿಟ್ಟಿತು, ಕಟ್ಟೆ ಓಣಿಗೆ ಬಿತ್ತು. ನನಗೆ ಗೊತ್ತಿಲ್ಲದೆಯೇ ನಾನು ಅವರ ಮಣಿಕಟ್ಟು ಹಿಡಿದಿದ್ದೆ. ಅವರು ಬಿಡಿಸಿಕೊಳ್ಳಲಿಲ್ಲ.

"ಅಚ್ಚ ಇನ್ನಾ ಬಿಚ್ಚಿಲ್ರಿ ಅಕ್ಕಾರ," ಅಂದರು. "ನಾಳೆ ಮುಂಜಾನೆ ಹೊಡದ್ರ ಅಪ್ಪನ ಮನಿ ಮತ್ತ ಎದ್ದ ನಿಲ್ಲತೈತಿ."

(ಆಮೇಲೆ ತಿಳಿದದ್ದು: ಲಗ್ನಸರಾಯಿ ಬಂತೆಂದರೆ ಮದುವೆಯ ಪತ್ರಿಕೆಗಳಿಗೆ ಆ ಹಿತ್ತಾಳೆ ಪಟ್ಟಿಗಳು ಬೇಕೇ ಬೇಕು. ಸಾಹೇಬರು ಕೇಳಿ ಕೇಳಿ ಸೋತಿದ್ದಾರೆ. ಸುತಳಿ ಸುತ್ತಿದ ಆ ಒಂದು ಅಚ್ಚನ್ನು ಬಿಚ್ಚಲು ಜೈತೂನಬಿ ಬಿಟ್ಟಿಲ್ಲ.)

ಸುಬೇದಾರರ ಕೈ ತಮ್ಮ ತೋಪಿನ ಮೇಲೆಯೇ ನಿಂತಿತ್ತು. ತೋಪು ಇನ್ನು ಮುಂದೆ ಹೋಗುವ ಹಾಗಿರಲಿಲ್ಲ. ಸುತ್ತಿ ಬರಬಹುದಿತ್ತು, ಇನ್ನೂ ಹೊತ್ತು ಇತ್ತು. ಅವರು ಕವಡೆ ಕೇಳಲೇ ಇಲ್ಲ. ಆ ಬಿದ್ದ ಮನೆಯನ್ನು ನೋಡುತ್ತಾ ಕೂತರು. ಆಮೇಲೆ ತೋಪಿನಿಂದ ಕೈ ತೆಗೆದರು.

"ಭಾಭಿ, ಇಂಥಾ ಮುರದ ಊರು ನಾ ಕಣ್ಣಾರೆ ನೋಡೇನ್ರಿ. ಅಲ್ಲೆ ಯಾರ ಕಡೆನೂ ಅಚ್ಚ ಇದ್ದಿದ್ದಿಲ್ಲ."

ಅಷ್ಟೇ. ಲಡಾಯಿಯ ಬಗ್ಗೆ ಅವರು ಹೀಗೆ ಮಾತಾಡಿದ್ದನ್ನು ತಾನು ಕೇಳಿಯೇ ಇರಲಿಲ್ಲ ಎಂದು ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನನಗೆ ಮೆಲ್ಲಗೆ ಹೇಳಿದರು. ಸುಬೇದಾರರು ಕೆಂಪು ಮೊಳೆಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ತುಂಬಿ ನನ್ನ ಕೈಗೇ ಕೊಟ್ಟರು. ಮುರಿದ ಮನೆಯನ್ನು ತಮಗೇ ಬಿಡಬಹುದೇ ಎಂದು ಕೇಳಿ, ಜೈತೂನಬಿ ಹೂಂ ಎಂದ ಮೇಲೆ, ಎರಡೂ ಕೈಯಿಂದ ಎತ್ತಿ ದೇವರ ಫೋಟೋ ಇದ್ದ ಗೋಡೆಯ ಮಾಡದಲ್ಲಿ ಇಟ್ಟರು.

ನಾವು ವಿಜಾಪುರದವರು. ಬಿದ್ದ ಅರಮನೆಗಳ ನೆರಳಲ್ಲೇ ಸೈಕಲ್ ನಿಲ್ಲಿಸಿ ತರಕಾರಿ ಕೊಳ್ಳುವವರು. ಅವುಗಳ ಅಳತೆ ಬರೆದುಕೊಳ್ಳಲು ಸರಕಾರದ ಮನುಷ್ಯರಿದ್ದಾರೆ, ಫೋಟೋ ತೆಗೆಯಲು ದೂರದೂರದಿಂದ ಜನ ಬರುತ್ತಾರೆ. ಆದರೆ ತಿಕೋಟಾದ ಒಂದು ಸೋರುವ ಮಾಳಿಗೆಮನೆ? ಅದನ್ನು ಅಳೆದವರು ಒಬ್ಬರೇ. ಅದಕ್ಕೆ ಬೇಕಾಗಿದ್ದು ಒಂದು ಉಂಡೆ ಸುತಳಿ. ಅಷ್ಟು ಅಳೆದು, ಕಟ್ಟಿ, ಬಣ್ಣ ಹಚ್ಚಿ, ತಂದಿಟ್ಟ ದಿನವೇ ಬಾವಿ ಉಳಿಸಲು ಕೆಡವಿದರಲ್ಲ, ಆ ಕೈ ಎಂಥದ್ದು? ಬಸ್ಸಿನಲ್ಲಿ ವಾಪಸು ಬರುವಾಗ ನಾನು ಆ ಕೈಯನ್ನೇ ನೋಡುತ್ತಿದ್ದೆ. ಅದು ಖಾಲಿ ಬುಟ್ಟಿಯ ಮೇಲೆ ಆರಾಮವಾಗಿ ನಿದ್ದೆ ಮಾಡುತ್ತಿತ್ತು.

ಈ ವಾರ ಮತ್ತೆ ಪ್ರೆಸ್ಸಿಗೆ ಹೋದಾಗ ನನಗೂ ಆಸೆಯಾಯಿತು. ತೊರವಿಯಲ್ಲಿ ನನ್ನ ತವರುಮನೆ ಇದೆ. ಅಣ್ಣ, ಅತ್ತಿಗೆ, ಅವರ ಮಕ್ಕಳು, ಅವ್ವ, ಎರಡು ಎಮ್ಮೆ, ಎಲ್ಲರೂ ತುಂಬಿಕೊಂಡಿದ್ದಾರೆ, ಮನೆ ಗಟ್ಟಿಯಾಗಿದೆ. ಅದನ್ನೊಂದು ಮಾಡಿಕೊಡಿ ಎಂದೆ. ಜೈತೂನಬಿ ಪೆನ್ಸಿಲ್ ತಗೊಂಡು ಕೇಳತೊಡಗಿದರು. ಮುಂದಿನ ಗೋಡೆಗೆ ಕಿಟಕಿ ಎಷ್ಟು? ಕಟ್ಟೆ ಬಾಗಿಲಿನ ಯಾವ ಕಡೆ? ಮಾಳಿಗೆಗೆ ಹತ್ತುವುದು ಒಳಗಿನಿಂದಲೋ ಹೊರಗಿನಿಂದಲೋ?

ಇಪ್ಪತ್ತು ವರ್ಷ ಆ ಮನೆಯಲ್ಲಿ ಇದ್ದವಳು ನಾನು. ಒಂದಕ್ಕೆ ಹೇಳಿದೆ, ಎರಡನೆಯದಕ್ಕೆ ಅನುಮಾನ ಬಂತು, ಮೂರನೆಯದು ನೆನಪಾಗಲೇ ಇಲ್ಲ. ಅವರು ನಗಲಿಲ್ಲ. ತಮಗೂ ಹೀಗೇ ಆಗಿತ್ತು, ತಿಕೋಟಾಕ್ಕೆ ಹೋಗಿ ನಿಂತ ಮೇಲೆಯೇ ಕಿಟಕಿ ಲೆಕ್ಕ ಸಿಕ್ಕಿದ್ದು ಅಂದರು. ಮೊದಲು ನೋಡಿಕೊಂಡು ಬನ್ನಿ ಎಂದು ಸುತಳಿ ಉಂಡೆ ಕೊಟ್ಟರು.

ನಿನ್ನೆ ತೊರವಿಗೆ ಹೋದೆ. ಸುತಳಿಯ ಇನ್ನೊಂದು ತುದಿಯನ್ನು ಅತ್ತಿಗೆ ಹಿಡಿದಳು. ಮಾಸ್ತರಿಕೆ ಮಾಡಿ ಮಾಡಿ ಮಗಳಿಗೆ ತಲೆ ತಿರುಗಿದೆ ಎಂದು ಅವ್ವ ಎಮ್ಮೆಗೆ ಹೇಳಿದಳು. ಆಮೇಲೆ ತಾನೇ ಬಂದು ನಿಂತು ತೋರಿಸತೊಡಗಿದಳು. ಬಾಗಿಲಿಗೆ ಎರಡು ಕದ ಎಂಬುದೇ ನನಗೆ ನೆನಪಿರಲಿಲ್ಲ. ಎಡಗಡೆಯ ಕದಕ್ಕೆ ಯಾವಾಗಲೂ ಅಗಳಿ. ಅದನ್ನು ತೆಗೆದದ್ದು ಈ ಮನೆಯ ಹೆಣ್ಣುಮಕ್ಕಳು ಮದುವೆಯಾಗಿ ಹೊರಟ ದಿನ ಮಾತ್ರ ಎಂದಳು ಅವ್ವ. ನಾನೂ ಆ ತೆರೆದ ಕದದಿಂದಲೇ ಹೊರಗೆ ಬಂದವಳು. ತಲೆ ತಗ್ಗಿಸಿ ನಡೆದಿದ್ದೆ, ನೋಡಿರಲಿಲ್ಲ.

ನೀವು ಹುಟ್ಟಿ ಬೆಳೆದ ಮನೆಯ ಬಾಗಿಲಿಗೆ ಎಷ್ಟು ಕದ, ಈಗ ಕೂತಲ್ಲೇ ಹೇಳಬಲ್ಲಿರಾ?