ಬಾಜೂ ಮನೆಯ ಕಾಕು ಮತ್ತು ಒಂದು ಭರಣಿ ಗುಲ್ಕಂದ

ಬಾಜೂ ಮನೆಯ ಕಾಕುವಿನ ಬಲಗೈ ಹೆಬ್ಬೆರಳಿನ ಉಗುರು ವರ್ಷದಲ್ಲಿ ಆರು ತಿಂಗಳು ಹಸಿರಾಗಿಯೇ ಇರುತ್ತಿತ್ತು. ಗುಲಾಬಿ ಮೊಗ್ಗಿಗೆ ಮುತ್ತುವ ಹಸಿರು ಹೇನುಗಳನ್ನು ಆಕೆ ದಿನಾ ಬೆಳಗ್ಗೆ ಆ ಉಗುರಿನಿಂದಲೇ ಒರೆಸಿ ತೆಗೆಯುತ್ತಿದ್ದಳು. ಎಷ್ಟು ತಿಕ್ಕಿ ತೊಳೆದರೂ ಬಣ್ಣ ಬಿಡುತ್ತಿರಲಿಲ್ಲ. ಹತ್ತರಗಿಗೆ ಹೊಸದಾಗಿ ಸೊಸೆಯಾಗಿ ಬಂದ ನನಗೆ ಮೊದಮೊದಲು ಅದನ್ನು ನೋಡಿ ಹೇಸಿಕೆಯಾಗಿತ್ತು.

ಅವಳ ಹಿತ್ತಿಲಿಗೂ ನಮ್ಮ ಹಿತ್ತಿಲಿಗೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಆಚೆ ಹದಿನಾರು ಜವಾರಿ ಗುಲಾಬಿ ಗಿಡ. ಕಾಕುವಿಗೆ ಗಂಡ ಇರಲಿಲ್ಲ. ಇದ್ದೊಬ್ಬ ಮಗಳನ್ನು ಗೋಕಾಕಕ್ಕೆ ಕೊಟ್ಟಿದ್ದಳು. ಗಿಡಕ್ಕೆ ಎರಡು ವರ್ಷ ಕೊಳೆತ ಸಗಣಿ ಗೊಬ್ಬರ, ಮೇಲೊಂದು ಹಿಡಿ ಬೇವಿನ ಹಿಂಡಿ. ಎಲೆಗೆ ಬೂದಿರೋಗ ಬಂದರೆ ನೀರು ಮಜ್ಜಿಗೆ. ದೀಪಾವಳಿ ಮುಗಿದ ಮೇಲೆ ಬುಡ ಅಗೆದು ಬೇರಿಗೆ ನಾಲ್ಕು ದಿನ ಬಿಸಿಲು ತೋರಿಸುತ್ತಿದ್ದಳು. ಆ ನಾಲ್ಕು ದಿನ ಆಕೆಗೆ ಊಟ ಸೇರುತ್ತಿರಲಿಲ್ಲ. ಬಿಸಿಲು ಹೆಚ್ಚಾಯಿತೇನೋ, ಬೇರು ಒಣಗಿತೇನೋ ಎಂದು ಗಳಿಗೆಗೊಮ್ಮೆ ಹೋಗಿ ಮುಟ್ಟಿ ನೋಡುವಳು. ನಮ್ಮತ್ತೆ ಗೋಡೆಯಾಚೆ ನೋಡಿ, ಬಾಣಂತಿಯನ್ನು ಕಾದ ಹಾಗೆ ಕಾಯುತ್ತಾಳೆ ಎಂದು ನಗುತ್ತಿದ್ದರು.

ಮೊಗ್ಗು ಕಂಡ ಮೇಲೆ ಮಾತ್ರ ಬುಡಕ್ಕೆ ನೀರು, ಮೊಗ್ಗಿಗೆ ಬೆರಳು, ಬೇರೇನೂ ತಾಗಕೂಡದು. ಗುಲ್ಕಂದಕ್ಕೆ ಹಾಕುವ ಎಸಳನ್ನು ತೊಳೆಯುವಂತಿಲ್ಲ, ತೊಳೆದರೆ ಬೂಷ್ಟು ಬರುತ್ತದೆ. "ನಾಲಗಿ ಮ್ಯಾಲ ಇಡಲಾರದ್ದನ್ನ ಹೂವಿನ ಮ್ಯಾಲ ಇಡಬಾರದು ತಂಗಿ" ಎನ್ನುತ್ತಿದ್ದಳು.

ಆ ವರ್ಷದ ಗುಲ್ಕಂದ ಮಗಳಿಗಾಗಿ. ಅವಳಿಗೆ ಎರಡು ಸಲ ಗರ್ಭ ನಿಂತಿರಲಿಲ್ಲ. ಮೈಯಲ್ಲಿ ಕಾವು ಹೆಚ್ಚು ಎಂದು ವೈದ್ಯರು ಹೇಳಿದ್ದರು. ಈಗ ಮೂರನೆಯದು. ನಾಲ್ಕು ತಿಂಗಳಾದಾಗ ಮಗಳನ್ನು ನೋಡಿಬರಲು ಕಾಕು ಎಂಟು ದಿನ ಗೋಕಾಕಕ್ಕೆ ಹೋದಳು. ಹೋಗುವಾಗ ಗಿಡಗಳನ್ನು ನನಗೆ ಒಪ್ಪಿಸಿದಳು.

ಮೂರನೇ ದಿನ ಮೋಡ ಕವಿಯಿತು. ಮೊಗ್ಗೇ ಕಾಣದಷ್ಟು ಹೇನು ಮುತ್ತಿದವು. ಅಷ್ಟನ್ನೂ ಬೆರಳಿನಿಂದ ಒರೆಸಲು ನನಗೆ ಹೊತ್ತಿರಲಿಲ್ಲ. ಖರೆ ಹೇಳಬೇಕೆಂದರೆ ಮನಸ್ಸೂ ಇರಲಿಲ್ಲ. ನನ್ನ ತವರಿನಲ್ಲಿ ತಂಬಾಕು ಬೆಳೆಯುತ್ತಿದ್ದರು. ಅದನ್ನು ನೆನೆಸಿದ ನೀರಿಗೆ ಎಂಥ ಹುಳವೂ ಸಾಯುತ್ತದೆಂದು ನನಗೆ ಗೊತ್ತಿತ್ತು. ಮಾವನವರ ತಂಬಾಕಿನ ಚೀಲದಿಂದ ಒಂದು ಹಿಡಿ ಕದ್ದು, ನೆನೆಸಿ, ಬೇವಿನ ತೊಪ್ಪಲಿನಿಂದ ಗಿಡಕ್ಕೆಲ್ಲ ಚಿಮುಕಿಸಿದೆ. ಎರಡು ದಿನದಲ್ಲಿ ಹೇನೆಲ್ಲ ಉದುರಿಹೋದವು. ಹೂವು ಅರಳುವ ಹೊತ್ತಿಗೆ ಮಳೆ ಬಂದು ತೊಳೆದೀತು ಎಂದುಕೊಂಡೆ. ಮಳೆ ಬರಲಿಲ್ಲ.

ಕಾಕು ಬಂದವಳೇ ಚೊಕ್ಕ ಹೂಗಳನ್ನು ನೋಡಿ, ನನ್ನ ಕೈಗುಣ ದೊಡ್ಡದೆಂದು ನಮ್ಮತ್ತೆಯ ಎದುರಿಗೇ ಹೊಗಳಿದಳು. ಗಂಡನ ಮನೆಗೆ ಬಂದ ಮೇಲೆ ನನ್ನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಬಾಯಿಗೆ ಬಂದ ಮಾತು ಒಳಗೇ ಹೋಯಿತು. ಅಂದೇ ಎಸಳು ಬಿಡಿಸಿ ಕಲ್ಲುಸಕ್ಕರೆಯೊಂದಿಗೆ ಭರಣಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಮಾಳಿಗೆಯ ಮೇಲೆ ಬಿಸಿಲಿಗಿಟ್ಟಳು.

ಆ ಭರಣಿ ನಲವತ್ತು ದಿನ ಅಲ್ಲಿತ್ತು. ಬಟ್ಟೆ ಒಣಹಾಕಲು ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು. ತವರಿನಲ್ಲಿ ತಂಬಾಕಿನ ನೀರು ಕುಡಿದ ಕರು ನೊರೆ ಕಾರಿ ಬಿದ್ದದ್ದನ್ನು ನಾನು ಕಂಡಿದ್ದೆ. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎನ್ನುವುದರಲ್ಲೇ ಮಗಳು ಏಳನೇ ತಿಂಗಳಿಗೆ ಹೆರಿಗೆಗೆಂದು ಬಂದಿಳಿದಳು. ಭರಣಿಯ ಬಾಯಿ ಬಿಚ್ಚಿದ ಮೂರನೆಯ ಬೆಳಗ್ಗೆ ನಾನು ಗೋಡೆಯ ಹತ್ತಿರ ಹೋದೆ.

"ಕಾಕು, ಆ ಹೂವಿಗೆ ನಾ ತಂಬಾಕಿನ ನೀರು ಹೊಡದಿದ್ನಿರಿ."

ಕಾಕು ಬೈಯಲಿಲ್ಲ. ಮಗಳು ತಿಂದದ್ದು ಮೂರು ಚಮಚವೋ ನಾಲ್ಕೋ ಎಂದು ಬೆರಳು ಮಡಿಚಿ ಎಣಿಸಿದಳು. ಆಮೇಲೆ ಭರಣಿ ತಂದು ತಿಪ್ಪೆಯಲ್ಲಿ ತಗ್ಗು ತೋಡಿ ಅಷ್ಟನ್ನೂ ಸುರಿದಳು. ಮಗಳು ಗಾಬರಿಯಾಗಿ ಹೊರಗೆ ಬಂದು ಏಕೆಂದು ಕೇಳಿದಳು. ನಾನು ಗೋಡೆಯ ಈಚೆ ಕುಕ್ಕರುಗಾಲಿನಲ್ಲಿ ಕುಳಿತಿದ್ದೆ.

"ಹೇನು ಸಾಯ್ಲಿ ಅಂತ ನಾನ ತಂಬಾಕಿನ ನೀರು ಹೊಡದಿದ್ದೆ" ಎಂದಳು ಕಾಕು. "ಕಣ್ಣು ಸರಿ ಕಾಣವಲ್ದವ್ವಾ. ಹೊಡದ ಹೂವು ಯಾವುದು, ಹೊಡೀಲಾರದ್ದು ಯಾವುದು, ಹರಿಯುವಾಗ ತಿಳೀಲಿಲ್ಲ."

ನಸುಕಿನಲ್ಲಿ ಹೇನು ಹೆಕ್ಕುವ ಕಣ್ಣು ಅವು.

ಸುದ್ದಿ ಗೋಕಾಕ ಮುಟ್ಟಿತು. ವಾರದೊಳಗೆ ಮಗಳ ಅತ್ತೆ ಬಂದರು. ಕಣ್ಣು ಕಾಣದವಳ ಕೈಯಲ್ಲಿ ಸೊಸೆಯ ಹೆರಿಗೆ ಆಗಗೊಡುವುದಿಲ್ಲ ಎಂದು ಬಾಗಿಲಲ್ಲೇ ನಿಂತು ಹೇಳಿ, ಹುಡುಗಿಯನ್ನು ಚಕ್ಕಡಿ ಹತ್ತಿಸಿಕೊಂಡು ಹೋದರು. ಅಂದು ನಾನು ಓಡಿಹೋಗಿ, ಗೋಕಾಕಕ್ಕೆ ಹೋಗಿ ನಿಜ ಹೇಳಿಬಿಡುತ್ತೇನೆ ಎಂದೆ.

"ನಿಮ್ಮತ್ತಿಗೆ ಗೊತ್ತಾದ್ರ ನಿನ್ನ ತವರಿಗೆ ಅಟ್ಟತಾಳ" ಎಂದಳು. "ನಿನ್ನ ಬಾಳೇ ಈಗ ಸುರುವಾಗೇತಿ. ನನ್ನ ಮ್ಯಾಲ ಇರಲಿ ಬಿಡು."

ನನಗೆ ಉಸಿರು ಹಗುರಾಯಿತು. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆಮೇಲಿನ ಎರಡು ತಿಂಗಳು ದಿನಾ ಬೆಳಗ್ಗೆ ಗೋಡೆಗೆ ಹೋಗಿ ಸುದ್ದಿ ಬಂತೇ ಎಂದು ಕೇಳುವುದು, ಆಕೆ ತಲೆಯಾಡಿಸುವುದು. ಯಾರ ಮನೆಗಾದರೂ ಟಪಾಲಿನವನು ಬಂದರೆ ಕೈಯ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದೆ. ಕೊನೆಗೆ ಗೋಕಾಕದಿಂದ ಸಂತೆಗೆ ಬಂದ ಒಬ್ಬರು ಹೇಳಿದರು: ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಆರಾಮ. ಕಾಕು ಗೋಡೆಯ ಮೇಲಿಂದ ನನ್ನ ಕೈ ಹಿಡಿದುಕೊಂಡು ಅತ್ತಳು.

ಆದರೆ ಆ ಮಗಳನ್ನು ಮುಂದಿನ ಎರಡು ಹೆರಿಗೆಗೂ ತವರಿಗೆ ಕಳಿಸಲಿಲ್ಲ. ಕಾಕು ಹೊಲಿದಿಟ್ಟ ಕುಲಾಯಿಗಳು ನನ್ನ ಮಕ್ಕಳ ತಲೆಗೆ ಬಂದವು. ನನ್ನ ಮೂರೂ ಕೂಸುಗಳಿಗೆ ನೀರೆರೆದವಳು ಅವಳೇ.

ಜಗತ್ತಿನ ಎರಡನೇ ಲಡಾಯಿ ಮುಗಿದ ವರ್ಷ ಕಾಕು ತೀರಿಕೊಂಡಳು. ಹಣೆಗೆ ವಿಭೂತಿ ಹಚ್ಚಿ ಪಡಸಾಲೆಯಲ್ಲಿ ಕೂರಿಸಿದ್ದರು. ಗೋಕಾಕದಿಂದ ಮಗಳು ಬಂದಳು. ಜೊತೆಗೆ ಹತ್ತು ಹನ್ನೆರಡು ವರ್ಷದ, ಉದ್ದ ಜಡೆಯ ಆ ಹೆಣ್ಣು ಕೂಸು. ಮಗಳು ಅಳುತ್ತಳುತ್ತ ನನ್ನ ಬಾಜೂ ಕೂತಳು.

"ಕಣ್ಣು ಕಾಣದಾಕಿ, ಪಾಪ, ಆಕೀದೇನು ತಪ್ಪು? ಅಷ್ಟಕ್ಕ ನಾವು ಇಷ್ಟು ವರ್ಷ ದೂರ ಇಟ್ವಿ" ಎಂದಳು. "ನೀವು ದಿನಾ ನೋಡತಿದ್ರಿ. ಆವಾಗ ನಮ್ಮವ್ವಗ ಖರೇನ ಕಣ್ಣು ಕಾಣತಿರಲಿಲ್ಲಲ್ಲರಿ?"

ನಮ್ಮತ್ತೆ ಸತ್ತು ಆಗಲೇ ನಾಲ್ಕು ವರ್ಷವಾಗಿತ್ತು. ಹೆದರಬೇಕಾದವರು ಯಾರೂ ಉಳಿದಿರಲಿಲ್ಲ.

"ಹೌದವ್ವಾ, ಕಾಣತಿರಲಿಲ್ಲ" ಎಂದೆ.