ಡ್ರೋನ್ ತೋರಿಸಿದ ಗೆರೆ, ನಾನು ಬಿಚ್ಚಿಸಿದ ಗಂಟು

ಹೋದ ಭಾನುವಾರ ನಾನೊಬ್ಬ ಗೂಢಚಾರನನ್ನು ಹಿಡಿದೆ. ನಗಬೇಡಿ. ಅರ್ಧ ಗಂಟೆಯ ಮಟ್ಟಿಗೆ ನಾನೂ ನಂಬಿದ್ದೆ, ದಬ್ಬೇಘಟ್ಟದ ಹತ್ತಿರದ ನನ್ನ ತೆಂಗಿನ ತೋಟದಲ್ಲಿ ತಮಾಷೆ ನೋಡಲು ಬಂದಿದ್ದ ನೆರೆಯವರಿಬ್ಬರೂ ನಂಬಿದ್ದರು.

ನನ್ನ ತಂಗಿಯ ಮಗಳು ರಮ್ಯ ಸಣ್ಣ ಡ್ರೋನ್ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್. ಅವಳ ಡ್ರೋನ್ ಮದುವೆ ಫೋಟೊ ತೆಗೆಯುವುದಿಲ್ಲ, ಹೊಲಕ್ಕೆ ಔಷಧಿ ಹೊಡೆಯುವುದಿಲ್ಲ. ಮೇಲೆ ಹಾರಿ, ರೇಡಿಯೊ ಸಿಗ್ನಲ್ ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಹಚ್ಚುತ್ತದೆ. ಗಡಿಯಲ್ಲಿ ಶತ್ರು ವೈರ್‌ಲೆಸ್ ಹಿಡಿದು ಪೊದೆಯಲ್ಲಿ ಕೂತಿದ್ದರೆ ನಮ್ಮ ಸೈನಿಕರಿಗೆ ಗೊತ್ತಾಗಬೇಕಲ್ಲ, ಅದಕ್ಕೆ. ಎತ್ತರದ ಮರಗಳ ನಡುವೆ ಅದನ್ನು ಪರೀಕ್ಷಿಸಬೇಕಿತ್ತು. "ನಮ್ಮ ತೋಟ ಇಲ್ವೇನಮ್ಮ?" ಎಂದು ನಾನೇ ಕರೆದೆ. (ಅನುಮತಿ ಪತ್ರ ಎಲ್ಲ ಅವಳೇ ತಂದಿದ್ದಳು. ನನ್ನ ಕಡೆಯಿಂದ ಉತ್ಸಾಹ ಮಾತ್ರ.)

ಅವಳು ಬಚ್ಚಿಟ್ಟಿದ್ದ ಟ್ರಾನ್ಸ್‌ಮಿಟರನ್ನು ಡ್ರೋನ್ ಬೇಗನೆ ಹುಡುಕಿತು. ಆಮೇಲೆ ಟ್ಯಾಬ್ ನೋಡುತ್ತಾ ರಮ್ಯ ಹುಬ್ಬು ಗಂಟಿಕ್ಕಿದಳು. "ಮಾವ, ಇನ್ನೊಂದು ಸಿಗ್ನಲ್ ಇದೆ. ಜೋರಾಗಿದೆ. ಇದು ನಂದಲ್ಲ."

ಪರದೆಯ ಮೇಲೆ ಒಂದು ಕೆಂಪು ಗೆರೆ. ಅದು ನೇರ ಹೋಗಿ ಕರಿಯಣ್ಣನ ಕುರಿಮಂದೆಯ ಮೇಲೆ ಹಾದಿತ್ತು.

ಕರಿಯಣ್ಣ ಹುಳಿಯಾರು ಕಡೆಯವನು. ತೋಟಕ್ಕೆ ಗೊಬ್ಬರವಾಗಲಿ ಎಂದು, ರಾತ್ರಿ ಹೊತ್ತು ಕುರಿ ತರುಬಲು, ಅಂದರೆ ಮಂದೆಯನ್ನು ತೋಟದಲ್ಲೇ ಕೂಡಿಹಾಕಲು, ಅವನನ್ನೂ ಅವನ ಹೆಂಡತಿ ಸಣ್ಣಮ್ಮನನ್ನೂ ನಾನೇ ಕರೆಸಿದ್ದೆ.

"ತಡೀರಿ ಮಾವ," ಅಂದಳು ರಮ್ಯ. "ಇದು ದಿಕ್ಕು ಮಾತ್ರ. ಈ ಗೆರೆ ಮೇಲೆ ಎಲ್ಲಿ ಬೇಕಾದ್ರೂ ಇರಬಹುದು. ಇನ್ನೊಂದು ಕಡೆಯಿಂದ ಹಾರಿಸಿ ನೋಡ್ಬೇಕು. ಎರಡು ಗೆರೆ ಎಲ್ಲಿ ಕೂಡುತ್ತೋ ಅಲ್ಲಿ."

ತಡೆಯುವುದೇ? ಟಿವಿಯಲ್ಲಿ ಅಷ್ಟೊಂದು ಯುದ್ಧ ನೋಡಿದ ಮೇಲೆ? ಪಂಚೆ ಎತ್ತಿ ಕಟ್ಟಿ ಓಡಿದೆ. ನೆರೆಯವರೂ ಹಿಂದೆಯೇ ಬಂದರು.

"ಏನ್ಲಾ ಇಟ್ಕೊಂಡಿದೀಯ? ಗಂಟು ಬಿಚ್ಚು!" ಎಂದು ಗದರಿದೆ.

"ಏನೂ ಇಲ್ಲ ಸಾಮಿ. ಒಂದು ಫೋನ್ ಐತೆ, ಅದ್ಕೂ ಚಾರ್ಜಿಲ್ಲ," ಎಂದ ಕರಿಯಣ್ಣ.

ನಾನು ಕೇಳಲಿಲ್ಲ. ಸಣ್ಣಮ್ಮ ಗಂಟು ಬಿಚ್ಚಿದಳು. ರಾಗಿಹಿಟ್ಟು, ಒಂದು ಸೀರೆ, ಪರಗಂಡಸರ ಮುಂದೆ ಯಾವ ಹೆಂಗಸೂ ಹರಡಲು ಇಷ್ಟಪಡದ ಒಳಬಟ್ಟೆ. ಆಕೆ ತಲೆ ತಗ್ಗಿಸಿ ಅದರ ಮೇಲೆ ಸೀರೆ ಎಳೆದಳು. ಆಗಲೂ ನನಗೆ ಬುದ್ಧಿ ಬರಲಿಲ್ಲ. "ಅದರಡಿ ಏನಿದೆ?" ಎಂದೆ.

ಅಷ್ಟರಲ್ಲಿ ರಮ್ಯ ಓಡಿ ಬಂದಳು. ಎರಡನೆಯ ಗೆರೆ ಸಿಕ್ಕಿತ್ತು. ಅದು ಮೊದಲನೆಯದನ್ನು ಕೂಡಿದ್ದು ಮಂದೆಯಿಂದ ಆಚೆ, ನನ್ನ ಮನೆಯ ತಾರಸಿಯ ಮೇಲೆ.

ಅಲ್ಲಿದ್ದದ್ದು ನಾನು ಆನ್‌ಲೈನ್‌ನಲ್ಲಿ ತರಿಸಿ ಕೂರಿಸಿದ್ದ ನೆಟ್‌ವರ್ಕ್ ಬೂಸ್ಟರ್. ಅನುಮತಿ ಇಲ್ಲದೆ ಇಂಥದ್ದು ಇಡಬಾರದಂತೆ. ನಮ್ಮ ಮನೆಗೆ ಸಿಗ್ನಲ್ ಎಳೆಯುವ ಭರದಲ್ಲಿ ಸುತ್ತಲಿನವರ ಫೋನೆಲ್ಲ ಕೆಡಿಸುತ್ತಿತ್ತಂತೆ. (ನಮ್ಮೂರಿಗೆ ನೆಟ್‌ವರ್ಕೇ ಇಲ್ಲ ಎಂದು ಇದೇ ಅಂಕಣದಲ್ಲಿ ಕೂಗಾಡಿದ್ದೆ, ನೆನಪಿದೆಯಾ?)

ನೆರೆಯವರು ಬಿದ್ದು ಬಿದ್ದು ನಕ್ಕರು. "ಅಯ್ ಬಿಡಪ್ಪ, ಕೊನೆಗೆ ನೀನೇ ಸಿಕ್ಕಾಕ್ಕೊಂಡ್ಯಲ್ಲ!" ನನ್ನ ಮನೆಗೆ ಯಾರೂ ನುಗ್ಗಲಿಲ್ಲ. ನನ್ನ ಬೀರು ಯಾರೂ ತೆಗೆಸಲಿಲ್ಲ. ನನ್ನ ವಿಷಯ ಜೋಕಾಗಿ ಮುಗಿಯಿತು.

"ತಪ್ಪಾಯ್ತು ಕಣಪ್ಪ, ಇನ್ನೂ ನಾಲ್ಕು ದಿನ ಇರು," ಎಂದೆ. ಕರಿಯಣ್ಣ ಮಂದೆಯ ಸುತ್ತಲಿನ ಬಲೆ ಸುತ್ತತೊಡಗಿದ. ಸಣ್ಣಮ್ಮ ಮಾತ್ರ ಹೊರಡುವ ಮುಂಚೆ ನನ್ನನ್ನು ನೇರವಾಗಿ ನೋಡಿದಳು. "ನಿಮ್ಮನೆ ಅಮ್ಮಾವ್ರ ಬಟ್ಟೇನೂ ಹಿಂಗೇ ಹರಡುಸ್ತೀರಾ ಸಾಮಿ?"

ಕುರಿಗಳು ದಂಡಿನಶಿವರದ ದಾರಿ ಹಿಡಿದವು. ಬೂಸ್ಟರ್ ಅವತ್ತೇ ಕಿತ್ತಿಟ್ಟೆ. ಆದರೆ ಈ ವಾರವಿಡೀ ಹೆಂಡತಿ ಒಣಗಿದ ಬಟ್ಟೆ ಮಡಿಸಲು ಕೂತರೆ ನಾನು ಎದ್ದು ಹೊರಗೆ ಹೋಗುತ್ತಿದ್ದೇನೆ. ಅಷ್ಟು ನಾಚಿಕೆಯಾಗಿದೆ.

ಗಡಿಯಲ್ಲೂ ಯಾರೋ ಇಂಥದೇ ಗೆರೆ ನೋಡುತ್ತಾ ಕೂತಿರುತ್ತಾರೆ. ಅವರ ಮುಂದೆ ಬಂದೂಕು ಇರುತ್ತದೆ. ಅವರಿಗಾದರೂ ಎರಡನೆಯ ಗೆರೆಗೆ ಕಾಯುವ ತಾಳ್ಮೆ ಇರಲಿ ಎಂದು ಬೇಡಿಕೊಳ್ಳುತ್ತೇನೆ. ನನಗಂತೂ ಇರಲಿಲ್ಲ.

ಮೊದಲ ಗೆರೆಯ ಮೇಲೆ ಕರಿಯಣ್ಣನ ಮಂದೆಯೂ ಇತ್ತು, ನನ್ನ ಮನೆಯೂ ಇತ್ತು. ನನ್ನ ಕಣ್ಣು ಮಂದೆಯ ಮೇಲೇ ನಿಂತಿತಲ್ಲ, ಯಾಕೆ?