ಬತ್ತಿ ಟೀಚರ್ ನೋಡಿ ಬಂದ ಊರು

ಅವಳ ಅಂಗೈಯ ಗೆರೆಗಳು ಕಪ್ಪಗಿದ್ದವು. ಸೋಪು ಹಾಕಿದರೂ, ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಗೆರೆಗಳೊಳಗೆ ಕೂತ ಇದ್ದಿಲ ಪುಡಿ ಹೋಗುತ್ತಿರಲಿಲ್ಲ. ರೇಷ್ಮೆ ಸೀರೆ ಉಟ್ಟು ಮದುವೆಮನೆಗೆ ಬಂದರೂ ತಾಂಬೂಲಕ್ಕೆ ಕೈ ಚಾಚಿದಾಗ ಗೊತ್ತಾಗಿಬಿಡುತ್ತಿತ್ತು. "ಅಗರಬತ್ತಿಯೋಳು ಅಂತ ದೇವ್ರು ನಂಗೆ ಹಣೇಲಿ ಬರೀಲಿಲ್ಲ, ಕೈಲಿ ಬರ್ದ" ಎಂದು ತಾನೇ ನಗುತ್ತಿದ್ದಳು.

ನಾವು ಅವಳನ್ನು ಬತ್ತಿ ಟೀಚರ್ ಎನ್ನುತ್ತಿದ್ದೆವು. ನನಗಿಂತ ಹತ್ತು ವರ್ಷ ಚಿಕ್ಕವಳು. ಭದ್ರಾವತಿಯ ಕಾಗದನಗರದ ಕಾರ್ಖಾನೆಯ ಸದ್ದು ನಿಂತ ಮೇಲೆ ನಮ್ಮ ಮನೆಸಾಲಿನ ಗಂಡಸರು ಒಬ್ಬೊಬ್ಬರು ಒಂದೊಂದು ಕಡೆ ಹೋದರು. ನನ್ನ ಗಂಡ ಎಲ್ಲಿಗೂ ಹೋಗಲಿಲ್ಲ, ಕುರ್ಚಿಯಲ್ಲಿ ಕೂತರು. ಆಗ ಶಿವಮೊಗ್ಗದಿಂದ ಇವಳು ಬಂದು ಹನ್ನೊಂದು ಜನ ಹೆಂಗಸರನ್ನು ಸೇರಿಸಿ, ತಲೆಗೊಂದು ಮಣೆ ಕೊಟ್ಟು, ಬಿದಿರು ಕಡ್ಡಿಗೆ ಕಪ್ಪು ಹಿಟ್ಟು ಸುತ್ತಿ ಬತ್ತಿ ಹೊಸೆಯುವುದನ್ನು ಕಲಿಸಿದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಅನ್ನ ಕೊಟ್ಟ ವಿದ್ಯೆ ಇದೊಂದೇ.

ಸೊಟ್ಟ ಬತ್ತಿ ಕಂಡರೆ ಹಿಟ್ಟು ಬಿಡಿಸಿ ಮತ್ತೆ ಮಣೆಗೆ ಹಾಕುತ್ತಿದ್ದಳು. "ಇದು ದೇವ್ರ ಮುಂದೆ ನಿಲ್ಲೋದು ಮಾರಾಯ್ತಿ, ಸೊಂಟ ಬಗ್ಗಿಸ್ಕೊಂಡು ನಿಲ್ಬಾರ್ದು."

"ನಮ್ಮ ಸೊಂಟ ಬಗ್ಗಿದ್ರೆ ಪರ್ವಾಗಿಲ್ವಾ ಟೀಚರ್?" ಎಂದು ಪಕ್ಕದ ಮನೆಯ ಮುಮ್ತಾಜ್ ಕೇಳುತ್ತಿದ್ದಳು.

"ನಿನ್ನನ್ನ ಯಾರೂ ಹಚ್ಚಲ್ಲ, ಸುಮ್ನೆ ಉಜ್ಜು."

ನನ್ನ ಗಂಡ ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿದಾಗ ನನ್ನ ಪಾಲಿನ ಬತ್ತಿಯನ್ನೂ ಅವಳೇ ಹೊಸೆದು, ನನ್ನ ಹೆಸರಲ್ಲೇ ಲೆಕ್ಕ ಬರೆದು ಕೂಲಿ ಕೊಟ್ಟಳು. ನಾನು ಕೇಳಿರಲಿಲ್ಲ. ಅವರು ತೀರಿಹೋದ ಮೇಲೆ ಹದಿನಾಲ್ಕನೇ ದಿನ ಬಂದು ಮಣೆಯನ್ನು ನನ್ನ ಮುಂದೆ ಇಟ್ಟು, "ಅಳೋದಾದ್ರೆ ಉಜ್ಜುತ್ತಾ ಅಳು" ಎಂದಳು. ಅದಕ್ಕೇ ಅವಳು ಏನು ಹೇಳಿದರೂ ನಂಬುತ್ತಿದ್ದೆ.

ಒಂದು ಸಲ ಅವಳು ವ್ಯಾಪಾರಿಗಳ ಜೊತೆ ವಿಯೆಟ್ನಾಂಗೆ ಹೋಗಿಬಂದಳು. ಊರು ನೋಡಲು ಎಂದೇ ನಾವು ತಿಳಿದಿದ್ದೆವು. ವಾಪಸು ಬಂದು ನಮ್ಮನ್ನು ಸುತ್ತ ಕೂರಿಸಿಕೊಂಡು ಮೊಬೈಲಿನಲ್ಲಿ ತೋರಿಸಿದಳು. ಅಲ್ಲಿನ ದೊಡ್ಡ ಪಟ್ಟಣದಿಂದ ಎರಡು ಗಂಟೆ ದಾರಿಯ ಒಂದು ಪ್ರಾಂತ್ಯ. ಹೆಸರು ಹೇಳಿದಳು, ನನ್ನ ಬಾಯಿಗೆ ಹತ್ತಲಿಲ್ಲ. ಮೊದಲು ಬರೀ ಭತ್ತದ ಗದ್ದೆ, ಎಮ್ಮೆ, ಬಾಳೆ. ಈಗ ಹೊಳೆಯಿಂದ ದೋಣಿಯಲ್ಲಿ ಮರಳು ತಂದು ಗದ್ದೆಗೆ ಸುರಿದು, ಮಟ್ಟ ಮಾಡಿ, ಅದರ ಮೇಲೆ ಶೆಡ್ಡು ಎಬ್ಬಿಸಿದ್ದಾರೆ. ಒಂದು ಶೆಡ್ಡಿನಲ್ಲಿ ಮೊಬೈಲು, ಇನ್ನೊಂದರಲ್ಲಿ ಬೂಟು, ಮತ್ತೊಂದರಲ್ಲಿ ವೈರು. ಉಳಿದ ಗದ್ದೆಯ ನಡುವೆ ಅವರ ಹಿರಿಯರ ಗೋರಿಗಳು ಹಾಗೇ ಇವೆ, ಪಕ್ಕದಲ್ಲೇ ಕಾರ್ಖಾನೆಯ ಕಾಂಪೌಂಡು. ಭೂಮಿ ಕೊಟ್ಟವರು ದನದ ಕೊಟ್ಟಿಗೆ ಕೆಡವಿ ಸಾಲು ರೂಮು ಕಟ್ಟಿ, ದೂರದ ಗುಡ್ಡದಿಂದ ಕೆಲಸಕ್ಕೆ ಬಂದ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಶಿಫ್ಟು ಬಿಟ್ಟಿತೆಂದರೆ ಕಣ್ಣೊಂದು ಬಿಟ್ಟು ಮುಖವೆಲ್ಲ ಮುಚ್ಚಿಕೊಂಡ ಹೆಂಗಸರ ಸ್ಕೂಟರುಗಳು, ಒಂದರ ಹಿಂದೆ ಒಂದು. ನಾಟಿಗೆ ಬಗ್ಗಿದವರು ಮುದುಕಿಯರು ಮಾತ್ರ.

ನಾನು ಮದುವೆಯಾಗಿ ಭದ್ರಾವತಿಗೆ ಬಂದಾಗ ಇಲ್ಲಿಯೂ ಹೀಗೆಯೇ ಇತ್ತು. ಸೈರನ್ ಕೂಗಿದರೆ ರಸ್ತೆ ತುಂಬ ಸೈಕಲ್ಲು, ತಮಿಳು, ತೆಲುಗು, ಎಲ್ಲ ಮಾತೂ ಕೇಳುತ್ತಿತ್ತು. ಅದನ್ನು ಹೇಳಿದೆ. "ಈಗ ಅವ್ರ ಸರದಿ" ಎಂದಳು ಟೀಚರ್.

"ಅಲ್ಲೂ ಊದುಬತ್ತಿ ಹಚ್ತಾರಾ?" ಎಂದೆ.

"ನಮಗಿಂತ ಜಾಸ್ತಿ. ಸತ್ತ ಹಿರೀಕರ ಮುಂದೆ ದಿನಾ ಹಚ್ತಾರೆ. ಆದ್ರೆ ಕೈಲಿ ಹೊಸೆಯೋರು ಕಮ್ಮಿ ಆಗಿದ್ದಾರೆ. ಹುಡ್ಗೀರೆಲ್ಲ ಮೊಬೈಲ್ ಜೋಡ್ಸಕ್ಕೆ ಹೋದ್ರು, ಬತ್ತಿ ಮೆಷಿನ್ ಹೊಸೆಯುತ್ತೆ."

"ಪುಣ್ಯವಂತ್ರು!" ಎಂದಳು ಮುಮ್ತಾಜ್. "ನಮಗೂ ಒಂದೊಂದು ಸ್ಕೂಟಿ ಕೊಡ್ಸಿ ಟೀಚರ್." ಎಲ್ಲರೂ ನಕ್ಕೆವು. ನಾವು ನೋಡಿದ್ದು ಸ್ಕೂಟರು. ಅದೇ ವಿಡಿಯೋದಲ್ಲಿ ಗೋಡೆಯೆತ್ತರ ಜೋಡಿಸಿಟ್ಟ ಬತ್ತಿಯ ಕಟ್ಟುಗಳಿದ್ದವು. ಅವನ್ನು ನಾವ್ಯಾರೂ ನೋಡಲಿಲ್ಲ.

ಮರುವಾರ ಒಳ್ಳೆಯ ಸೀರೆ ಉಟ್ಟು ಬನ್ನಿ ಎಂದಳು. ಮಣೆಯ ಮುಂದೆ ಕೂರಿಸಿ ಫೋಟೋ ತೆಗೆಸಿದಳು. ನೆನಪಿಗೆ ಇರಲಿ ಎಂದಳು. ಆಮೇಲೆ ಹಿಟ್ಟು ಬರುವುದು ಕಡಿಮೆಯಾಯಿತು, ಕೊನೆಗೆ ನಿಂತಿತು. "ಮಾರ್ಕೆಟ್ ಬಿದ್ದಿದೆ, ಸ್ವಲ್ಪ ದಿನ ತಡೀರಿ" ಎಂದು ಫೋನಿನಲ್ಲಿ ಹೇಳುತ್ತಿದ್ದಳು. ತಡೆದೆವು. ಬೇರೆ ಯಾರೋ ಮಸಾಲೆ ಪುಡಿ ಪ್ಯಾಕಿಂಗಿಗೆ ಕರೆದರು, ಟೀಚರ್ ಬೇಜಾರು ಮಾಡಿಕೊಳ್ಳುತ್ತಾಳೆ ಎಂದು ನಾನೇ ಎಲ್ಲರನ್ನೂ ತಡೆದೆ. ಒಮ್ಮೆ ಬಂದಿದ್ದಳು. ಟೀ ಲೋಟ ಹಿಡಿದ ಅವಳ ಅಂಗೈ ಬೆಳ್ಳಗಾಗಿತ್ತು. ಆಗಲೂ ನನಗೆ ಬುದ್ಧಿ ಓಡಲಿಲ್ಲ.

ಹಿಟ್ಟು ನಿಂತು ಎಂಟು ತಿಂಗಳಾದ ಮೇಲೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಪೂಜೆ ಸಾಮಾನಿನ ಅಂಗಡಿಯವನು ಊದುಬತ್ತಿಯ ಒಂದು ಪೆಟ್ಟಿಗೆ ಎತ್ತಿ ಹಿಡಿದ. "ಅಜ್ಜಿ, ಇದು ನೀವೇ ಅಲ್ವಾ?" ನಾನೇ. ಟೀಚರ್ ತೆಗೆಸಿದ್ದ ಆ ಫೋಟೋ, ಮುಂದಿನ ಸಾಲಿನಲ್ಲಿ ನಾನು, ಅರ್ಧ ಬಾಯಿ ತೆರೆದುಕೊಂಡು. ಕೆಳಗೆ "ಹೆಂಗಸರ ಕೈಯಲ್ಲೇ ಹೊಸೆದದ್ದು" ಎಂದು ಬರೆದಿತ್ತು. ಬಿಚ್ಚಿ ನೋಡಿದೆ. ನಮ್ಮ ಕಡ್ಡಿ ಕತ್ತಿಯಲ್ಲಿ ಸೀಳಿದ್ದು, ಚೌಕ. ಇದು ಗುಂಡಗೆ, ಸೂಜಿಯ ಹಾಗೆ. ಒಂದೂ ಸೊಟ್ಟ ಇಲ್ಲ.

ಅಲ್ಲಿಂದ ನೇರವಾಗಿ ವಿನೋಬನಗರದ ಅವಳ ಮನೆಗೆ ಹೋದೆ. ಪೆಟ್ಟಿಗೆಯನ್ನು ಮುಂದಿಟ್ಟೆ.

"ಇದನ್ನ ಯಾವ ಹೆಂಗಸು ಹೊಸೆದ್ಲು?"

ಅವಳು ಪೆಟ್ಟಿಗೆಯನ್ನು ಮಗುಚಿ ಇಟ್ಟಳು. "ವಿಯೆಟ್ನಾಂನಿಂದ ತರಿಸ್ದೆ. ಎಲ್ರೂ ತರಿಸ್ತಾರೆ. ನಾನೊಬ್ಳೇ ಕೈಬತ್ತಿ ಅಂತ ಕೂತಿದ್ರೆ ಮುಳುಗಿ ಹೋಗ್ತಿದ್ದೆ."

"ತರಿಸ್ಕೋ. ನಮಗೆ ಹೇಳಕ್ಕೆ ಏನಾಗಿತ್ತು?"

"ಹೆಂಗೆ ಹೇಳ್ಲಿ? ನೀವೆಲ್ಲ ನನ್ನ ಮುಖ ನೋಡ್ತಿದ್ರಿ."

"ನಮ್ಮ ಮುಖಾನ ಮಾರಕ್ಕೆ ಮಾತ್ರ ಬಂತಾ?"

ಪೆಟ್ಟಿಗೆಯ ಮೇಲಿಂದ ನಮ್ಮ ಫೋಟೋ ತೆಗೆಸಿಬಿಡುತ್ತೇನೆ ಎಂದಳು. ತೆಗೆಸಲಿಲ್ಲ. ಸಿಕ್ಕವರೆಲ್ಲ "ನಿಮ್ಮ ಬತ್ತಿ ಚೆನ್ನಾಗಿದೆ ಅಜ್ಜಿ" ಎನ್ನುವರು. ಇಲ್ಲದ ಕೆಲಸಕ್ಕೆ ನಾನು ಹೊಗಳಿಸಿಕೊಳ್ಳುತ್ತಿದ್ದೆ. ಮೆಷಿನ್ನಿನ ಮೇಲೆ ನನಗೆ ಸಿಟ್ಟಿಲ್ಲ, ಆ ದೇಶದ ಹುಡುಗಿಯರ ಮೇಲೂ ಇಲ್ಲ. ಅವರು ನನಗೆ ಮಣೆ ಕೊಟ್ಟವರಲ್ಲ, ನನ್ನ ಪಾಲು ಹೊಸೆದವರಲ್ಲ.

ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡಳು. ಹೋಗಿದ್ದೆ. ಹೋಗಲೇಬೇಕಿತ್ತು. ಅವಳ ಮಗಳು ನನ್ನ ಕೈ ಹಿಡಿದು, "ಅಮ್ಮ ನಿಮ್ಮನ್ನ ತುಂಬಾ ನೆನೀತಿದ್ರು ಅಜ್ಜಿ" ಎಂದು ಅತ್ತಳು. ಸಾವಿನ ಮನೆಯಲ್ಲಿ ಆಡುವ ಮಾತಲ್ಲ, ಆದರೂ ಆಡಿದೆ. "ಕಾರ್ಯ ಎಲ್ಲ ಮುಗೀಲಿ. ಆಮೇಲೆ ಪೆಟ್ಟಿಗೆ ಮೇಲಿಂದ ನಮ್ಮ ಫೋಟೋ ತೆಗೆಸಿಬಿಡಮ್ಮ."

ಮಗಳು ನನ್ನ ಮಾತು ನಡೆಸಿಕೊಟ್ಟಳು. ಮೊನ್ನೆ ಅದೇ ಅಂಗಡಿಯಲ್ಲಿ ಹೊಸ ಪೆಟ್ಟಿಗೆ ನೋಡಿದೆ. ನಮ್ಮ ಜಾಗದಲ್ಲಿ ಟೀಚರ್ ನಗುತ್ತಿದ್ದಾಳೆ. ಕೆಳಗೆ "ಹೆಂಗಸರ ಕೈಯಲ್ಲೇ ಹೊಸೆದದ್ದು" ಎಂಬುದು ಹಾಗೇ ಇದೆ.

"ನಿಮ್ಮನ್ನ ತೆಗೆದುಬಿಟ್ಟಿದ್ದಾರಲ್ಲ ಅಜ್ಜಿ? ಕೆಲ್ಸ ಬಿಟ್ರಾ?" ಎಂದ ಅಂಗಡಿಯವನು.

ನನಗೆ ಕೆಲಸ ಕಲಿಸಿದವಳು ಇವಳೇ ಎಂದೆ. ಅದು ನಿಜ. ಉಳಿದದ್ದನ್ನೂ ಹೇಳಿದೆ, ಗಟ್ಟಿಯಾಗಿಯೇ: ಇದು ಹೊರದೇಶದ ಮೆಷಿನ್ನಿನ ಬತ್ತಿ, ಯಾವ ಹೆಂಗಸೂ ಹೊಸೆದದ್ದಲ್ಲ. ಹಿಂದೆ ನಿಂತಿದ್ದ ಗಿರಾಕಿಗಳು ಕೇಳಿಸಿಕೊಂಡರು. ಅಂಗಡಿಯವನು ಪೆಟ್ಟಿಗೆಯನ್ನು ಇದ್ದಲ್ಲೇ ಬಿಟ್ಟು, "ಸ್ವಲ್ಪ ಪಕ್ಕಕ್ಕೆ ಬನ್ನಿ ಅಜ್ಜಿ, ಜನ ಕಾಯ್ತಿದ್ದಾರೆ" ಎಂದ.